ಕುದುರೆಯ ಕ್ರಯವಿಕ್ರಯ ಮತ್ತು ಶ್ರಾವಕನ ಅಣುವ್ರತಗಳು



ಅಷ್ಟಮೀ ಚತುರ್ದಶಿಗಳಂದು ಪ್ರೋಷಧೋಪವಾಸವನ್ನು ಕೈಗೊಂಡು, ಸಾಯಂಕಾಲ ಬಸದಿಯಲ್ಲಿ ಕುಳಿತು ವ್ರತಗಳ ಅತಿಚಾರಗಳನ್ನು ಆಲೋಚಿಸುವಾಗ, ಅಹಿಂಸಾಣುವ್ರತದ ಐದು ಹೆಸರುಗಳು ನಮ್ಮ ನಾಲಗೆಯ ಮೇಲೆ ಬಂದು ಹೋಗುತ್ತವೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು; ಕೊಂದರೆ ವ್ರತವೇ ಭಂಗವಾಯಿತು, ಅತಿಚಾರದ ಮಾತೇ ಉಳಿಯದು. ಈ ಐದನ್ನೂ ಬಾಲ್ಯದಿಂದ ಬಾಯಿಪಾಠ ಮಾಡುತ್ತ ಬಂದವರಲ್ಲಿಯೂ ಇವು ಯಾರ ಮೇಲೆ ನಡೆಯುವ ಕ್ರಿಯೆಗಳೆಂದು ವಿಚಾರಿಸಿದವರು ವಿರಳ. ಮನುಷ್ಯರ ಮೇಲೆಯೂ ನಡೆಯಬಹುದು, ನಿಜ. ಆದರೆ ಇವುಗಳನ್ನು ಹೆಸರಿಸುವಾಗ ಆಚಾರ್ಯರ ಕಣ್ಣ ಮುಂದೆ ನಿಂತಿದ್ದುದು ಬಹುಮಟ್ಟಿಗೆ ಹಗ್ಗದಿಂದ ಕಟ್ಟಲ್ಪಟ್ಟ, ಬೆನ್ನ ಮೇಲೆ ಹೊರೆ ಹೊತ್ತ, ಹಿಡಿ ಮೇವಿಗಾಗಿ ಯಜಮಾನನ ಕೈಯನ್ನೇ ನೋಡುತ್ತಿರುವ ಮೂಕಪ್ರಾಣಿ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ಬೆಳಗಾವಿ ಸೀಮೆಯ ಶ್ರಾವಕರ ಒಂದು ತಂಡವು ಮಹಾರಾಷ್ಟ್ರದ ಮಾಂಗೀತುಂಗಿ ಸಿದ್ಧಕ್ಷೇತ್ರಕ್ಕೂ ಅಲ್ಲಿಂದ ಮಧ್ಯಪ್ರದೇಶದ ಬಡವಾನಿಯ ಬಳಿಯಿರುವ ಬಾವನಗಜಕ್ಕೂ ಯಾತ್ರೆ ಹೊರಟಾಗ ನಾನೂ ಜೊತೆಗಿದ್ದೆನು. ಮಾಂಗೀತುಂಗಿಯಲ್ಲಿ 2016ರಲ್ಲಿ ಪ್ರತಿಷ್ಠಾಪಿತವಾದ 108 ಅಡಿಯ ಋಷಭದೇವನನ್ನೂ ಬಾವನಗಜದಲ್ಲಿ 84 ಅಡಿಯ ಆದಿನಾಥನನ್ನೂ ದರ್ಶಿಸಿದವರು ನಮ್ಮ ಓದುಗರಲ್ಲಿ ಅನೇಕರಿರುವರು. ಇವೆರಡರ ನಡುವೆ ನಮ್ಮ ಬಸ್ಸು ಹಿಡಿದ ದಾರಿಯು ನಂದುರಬಾರ ಜಿಲ್ಲೆಯ ಸಾರಂಗಖೇಡಾ ಎಂಬ ಹಳ್ಳಿಯಲ್ಲಿ ತಾಪೀ ನದಿಯನ್ನು ದಾಟುತ್ತದೆ. ಅದು ಮಾರ್ಗಶಿರ ಮಾಸ. ಆ ಮಾಸದ ಹುಣ್ಣಿಮೆಯಿಂದ ಅಲ್ಲಿ ಏಕಮುಖಿ ದತ್ತನ ಜಾತ್ರೆ ನೆರೆಯುತ್ತದೆ. ಜಾತ್ರೆಗೆ ಅಂಟಿಕೊಂಡು, ಬಹುಕಾಲದಿಂದ ನಡೆದುಬಂದಿರುವ ಕುದುರೆಗಳ ದೊಡ್ಡ ಸಂತೆ. ಇತ್ತೀಚೆಗೆ ಅದಕ್ಕೆ ಚೇತಕ್ ಉತ್ಸವವೆಂಬ ಹೆಸರೂ ಸೇರಿದೆ. ದಾರಿ ಕಿಕ್ಕಿರಿದುದರಿಂದ ಬಸ್ಸು ಎರಡು ತಾಸು ನಿಂತಿತು. ನಾವು ಇಳಿದು ನೋಡಿದೆವು.

ಕಿವಿಗಳ ತುದಿ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಮಾರವಾಡಿ ಕುದುರೆಗಳು. ಅದೇ ಬಗೆಯ ಕಿವಿಯುಳ್ಳ, ಆದರೆ ಸ್ವಲ್ಪ ಸಣ್ಣ ಮೈಕಟ್ಟಿನ ಸೌರಾಷ್ಟ್ರದ ಕಾಠಿಯಾವಾಡಿಗಳು. ಹಾಲಿನಂತೆ ಬಿಳುಪಾದ ಮೈ, ಗುಲಾಬಿ ಬಣ್ಣದ ಮೂತಿಯ, ಮದುವೆಯ ಮೆರವಣಿಗೆಗೆಂದೇ ಜನರು ಅರಸುವ ನುಕ್ರಾಗಳು. ಇವುಗಳ ನಡುವೆ ಗಿಡ್ಡನೆಯ ಟಟ್ಟುಗಳು. ದಖ್ಖನಿನ ಟಟ್ಟುವಿನ ಒಂದು ತಳಿ ನಮ್ಮ ನೆರೆಯಲ್ಲಿಯೇ ಇದೆ. ಪುಣೆ, ಸೊಲ್ಲಾಪುರ, ಸಾತಾರಾ ಕಡೆಯ ಧನಗರ ಕುರಿಗಾಹಿಗಳ ಮನೆಮಾರನ್ನೆಲ್ಲ ಬೆನ್ನ ಮೇಲೆ ಹೊತ್ತು ನಡೆಯುವ ಭೀಮಥಡಿ ಅದು. ಇತ್ತೀಚಿನ ವರ್ಷಗಳಲ್ಲಿ ಸರಕಾರವು ಅದನ್ನು ಪ್ರತ್ಯೇಕ ತಳಿಯೆಂದು ದಾಖಲು ಮಾಡಿಕೊಂಡಿದೆ. ಪ್ರಾಚೀನ ಕಾವ್ಯಗಳಲ್ಲಿ ಕಾಂಬೋಜ, ಸೈಂಧವ, ಬಾಹ್ಲಿಕ, ವನಾಯುಜ ಎಂದು ಓದಿ ಮಕ್ಕಳಿಗೆ ಅರ್ಥ ಹೇಳಿದ ನನಗೆ, ಕುದುರೆಯನ್ನು ಹುಟ್ಟಿದ ನಾಡಿನಿಂದ ಕರೆಯುವ ಆ ಪದ್ಧತಿ ಇಂದಿಗೂ ನಡೆದಿರುವುದನ್ನು ಕಂಡು ಸಂತೋಷವೇ ಆಯಿತು.

ತಂಡದಲ್ಲಿ ಪಂಚಾಣುವ್ರತಗಳನ್ನು ಮುನಿಗಳ ಸನ್ನಿಧಿಯಲ್ಲಿ ಸ್ವೀಕರಿಸಿದ್ದ, ಮೂವತ್ತರ ಆಸುಪಾಸಿನ ಒಬ್ಬ ಗೃಹಸ್ಥನಿದ್ದನು. ನಾಲ್ಕು ಎಕರೆ ಮಳೆಯಾಧಾರಿತ ಭೂಮಿ. ಎರಡು ವರ್ಷ ಬೆಳೆ ಕೈಕೊಟ್ಟಿತ್ತು. ತಂಗಿಯ ವಿವಾಹ ಮುಂದಿತ್ತು. ಬಂಧುವೊಬ್ಬನು ಅವನಿಗೆ ಪಾಲುಗಾರಿಕೆಯನ್ನು ಸೂಚಿಸಿದ್ದನು. ಈ ಸಂತೆಯಲ್ಲಿ ಎಳೆಯ ಕುದುರೆಗಳನ್ನು ಕೊಳ್ಳುವುದು, ಲಾರಿಯಲ್ಲಿ ಊರಿಗೆ ಒಯ್ದು ಪಳಗಿಸುವುದು, ಮದುವೆಯ ಕಾಲದಲ್ಲಿ ಬಾಡಿಗೆಗೆ ಬಿಡುವುದು, ಮುಂದಿನ ಸಂತೆಯಲ್ಲಿ ಹೆಚ್ಚಿನ ಬೆಲೆಗೆ ಮಾರಿಬಿಡುವುದು. ಆ ಯುವಕನು ನನ್ನನ್ನು ಕೇಳಿದ್ದು ಲಾಭನಷ್ಟದ ಪ್ರಶ್ನೆಯನ್ನಲ್ಲ. "ಇದರಿಂದ ನನ್ನ ವ್ರತಕ್ಕೆ ಏನಾಗುವುದು?" ಎಂದು ಕೇಳಿದನು. ಸಾಲವೂ ವ್ರತವೂ ಒಂದೇ ಹೆಗಲ ಮೇಲಿರುವವನ ಪ್ರಶ್ನೆಗೆ ಬಸ್ಸಿನಲ್ಲಿ ನಿಂತು ಉತ್ತರ ಕೊಡುವುದು ಸರಿಯಲ್ಲವೆಂದು, ಬಾವನಗಜದ ಧರ್ಮಶಾಲೆಯಲ್ಲಿ ಕುಳಿತು ಮಾತನಾಡಿದೆವು. ಅಲ್ಲಿ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿರುವೆನು.

ಮೊದಲು ಶಾಸ್ತ್ರದ ಮಾತು. ಅನರ್ಥದಂಡಗಳಲ್ಲಿ ಒಂದಾದ ಪಾಪೋಪದೇಶವನ್ನು ವಿವರಿಸುವಾಗ ಅಕಲಂಕದೇವರು ತಮ್ಮ ರಾಜವಾರ್ತಿಕದಲ್ಲಿ ತಿರ್ಯಗ್ವಾಣಿಜ್ಯವೆಂಬುದನ್ನು ಹೆಸರು ಹಿಡಿದು ಹೇಳಿರುವರು. ಪಶುಗಳನ್ನು ಅಗ್ಗವಾಗಿ ದೊರೆಯುವ ನಾಡಿನಲ್ಲಿ ಕೊಂಡು ಮತ್ತೊಂದು ನಾಡಿಗೆ ಸಾಗಿಸಿ ಮಾರಿದರೆ ಬಹಳ ಧನ ದೊರೆಯುವುದೆಂದು ಒಬ್ಬರಿಗೆ ಬುದ್ಧಿ ಹೇಳುವುದೇ ಆ ದೋಷ. ಗಮನಿಸಿರಿ, ವ್ಯಾಪಾರ ಮಾಡುವುದರ ಮಾತು ಹಾಗಿರಲಿ, ಮಾಡೆಂದು ಹೇಳಿಕೊಡುವುದೇ ದೋಷ. ಯುವಕನ ಬಂಧುವು ಹೇಳಿದ್ದು ಅಕ್ಷರಶಃ ಇದನ್ನೇ. ಅದೇ ಪ್ರಕರಣದಲ್ಲಿ ಆಚಾರ್ಯರು ಇದರ ಜೊತೆಗೆ ಇಟ್ಟಿರುವುದು ಕ್ಲೇಶವಾಣಿಜ್ಯವನ್ನು. ಎಂದರೆ ದಾಸದಾಸಿಯರನ್ನು ಹೀಗೆಯೇ ಸಾಗಿಸಿ ಮಾರುವುದನ್ನು. ಮನುಷ್ಯರನ್ನು ಮಾರುವ ಸಂತೆ ಲೋಕದಿಂದ ತೊಲಗಬೇಕೆಂದು ಇಂದು ಎಲ್ಲರೂ ಒಪ್ಪುವರು. ಅದರ ಪಕ್ಕದಲ್ಲಿಯೇ ಪಶುವಿನ ಸಂತೆಯನ್ನು ಆಚಾರ್ಯರು ನಿಲ್ಲಿಸಿದುದು ಏಕೆಂದು ಚಿಂತಿಸಬೇಕು.

ನಿಷಿದ್ಧ ವೃತ್ತಿಗಳ ಪಟ್ಟಿಯೊಂದು ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಬರುತ್ತದೆ. ದ್ವಿಪದ ಚತುಷ್ಪದಗಳನ್ನು ಮಾರುವ ಕೇಶವಾಣಿಜ್ಯ, ಬಾಡಿಗೆಯಿಂದ ಬದುಕುವ ಭಾಟಕಜೀವಿಕೆ, ಪಶುಗಳ ಅಂಗವನ್ನು ಚುಚ್ಚುವ ಕೊಯ್ಯುವ ನಿರ್ಲಾಂಛನ, ಹೀಗೆ ಹದಿನೈದು. ಪಟ್ಟಿಯನ್ನು ಕೊಟ್ಟ ಪಂಡಿತರೇ, ಲೋಕದಲ್ಲಿ ಪಾಪದ ಕಸುಬುಗಳು ಎಣಿಕೆಗೆ ಸಿಗದಷ್ಟಿರುವಾಗ ಇಷ್ಟೇ ಎಂದು ಹೇಳುವುದು ಚೆನ್ನಲ್ಲ, ತೀರ ಮಂದಬುದ್ಧಿಯವರಿಗಾದರೆ ಹೇಳಬಹುದು ಎನ್ನುವರು. ಶಾಲೆಯಲ್ಲಿ ಮೂವತ್ತು ವರ್ಷ ಪಟ್ಟಿಗಳನ್ನೇ ಬರೆಯಿಸಿದ ನನ್ನಂಥವನಿಗೆ ಇದೊಂದು ಹಿತವಾದ ಚಿವುಟು. ಪಟ್ಟಿಯಲ್ಲಿ ಕುದುರೆಯ ಹೆಸರಿಲ್ಲವಲ್ಲ ಎಂದು ವಾದಿಸುವವರಿಗೂ ಅದೇ ಉತ್ತರ.

ಹಾಗಾದರೆ ಶ್ರಾವಕನು ಕುದುರೆಯನ್ನು ಹೊಂದಲೇಬಾರದೆ? ಹಾಗೆ ಹೇಳಲು ಬರುವುದಿಲ್ಲ. ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಅಶ್ವವೂ ಒಂದು. ಭರತೇಶನ ಅಶ್ವರತ್ನದ ಹೆಸರು ಪವನಂಜಯ. ಮೂರನೆಯ ತೀರ್ಥಂಕರನಾದ ಸಂಭವನಾಥನ ಲಾಂಛನ ಕುದುರೆ. ಪರಿಗ್ರಹಪರಿಮಾಣ ವ್ರತದಲ್ಲಿ ಬರುವ 'ಧನ' ಎಂಬ ಶಬ್ದಕ್ಕೆ ಪೂಜ್ಯಪಾದಾಚಾರ್ಯರು ಗೋವು ಮೊದಲಾದ ಪಶುಗಳೆಂದೇ ಅರ್ಥ ಹೇಳಿರುವರು. ಪಶುವನ್ನು ಎಣಿಸಿ ಇಷ್ಟೆಂದು ಮಿತಿ ಮಾಡಿಕೊಳ್ಳುವ ಅವಕಾಶವಿದೆಯೆಂದ ಮೇಲೆ ಇಟ್ಟುಕೊಳ್ಳುವುದು ಸರ್ವಥಾ ನಿಷಿದ್ಧವಲ್ಲ. ಇಟ್ಟುಕೊಳ್ಳುವುದು ಬೇರೆ, ಕೈಯಿಂದ ಕೈಗೆ ದಾಟಿಸುವುದು ಬೇರೆ.

ದಾಟಿಸುವಾಗ ಏನಾಗುತ್ತದೆಂಬುದನ್ನು ನೋಡಬೇಕಾದರೆ ವ್ಯವಹಾರದ ಸೂಕ್ಷ್ಮಕ್ಕೆ ಇಳಿಯಬೇಕು. ಕುದುರೆಯ ವಯಸ್ಸು ಅದರ ಬಾಯಲ್ಲಿದೆ. ಎರಡೂವರೆ ವರ್ಷಕ್ಕೆ ಮುಂದಿನ ನಡುಹಲ್ಲುಗಳು, ಮೂರೂವರೆಗೆ ಅವುಗಳ ಪಕ್ಕದವು, ನಾಲ್ಕೂವರೆಗೆ ಮೂಲೆಯವು ಬಿದ್ದು ಹೊಸವು ಬರುತ್ತವೆ. ಐದಕ್ಕೆ ಬಾಯಿ ತುಂಬುತ್ತದೆ. ಆಮೇಲೆ ಹಲ್ಲಿನ ಮೇಲಿನ ಕುಳಿಗಳು ವರ್ಷದಿಂದ ವರ್ಷಕ್ಕೆ ಸವೆಯುತ್ತವೆ. ಹತ್ತರ ಹೊತ್ತಿಗೆ ಮೇಲಿನ ಮೂಲೆಹಲ್ಲಿನಲ್ಲಿ ಒಂದು ಗೀರು ಕಾಣಿಸಿಕೊಳ್ಳುತ್ತದೆ. ಇದು ಪ್ರಕೃತಿಯೇ ಬರೆದ ಜನ್ಮಪತ್ರಿಕೆ. ಅದನ್ನು ತಿದ್ದುವ ಕಳ್ಳವಿದ್ಯೆಯೂ ಲೋಕದಲ್ಲಿದೆ. ಮುದಿಕುದುರೆಯ ಸವೆದ ಹಲ್ಲನ್ನು ಕೊರೆದು, ಸುಟ್ಟು ಕಪ್ಪುಮಾಡಿ, ಹೊಸ ಕುಳಿಯಂತೆ ತೋರಿಸುವುದು. ಇಂಗ್ಲೆಂಡಿನಲ್ಲಿ ಈ ಕೃತ್ಯಕ್ಕೆ ಬಿಷಪಿಂಗ್ ಎಂಬ ಹೆಸರೇ ಹುಟ್ಟಿಕೊಂಡಿತ್ತು. ಕಣ್ಣಿನ ಮೇಲಿನ ನರೆಗೂದಲಿಗೆ ಬಣ್ಣ ಹಚ್ಚುವುದುಂಟು. ಕುಂಟುವ ಕಾಲಿಗೆ ನೋವು ತಿಳಿಯದ ಔಷಧ ಕೊಟ್ಟು ಓಡಿಸಿ ತೋರಿಸುವುದುಂಟು. ಇವೆಲ್ಲವೂ ಅಚೌರ್ಯಾಣುವ್ರತದ ಐದನೆಯ ಅತಿಚಾರವಾದ ಪ್ರತಿರೂಪಕ ವ್ಯವಹಾರವಲ್ಲದೆ ಮತ್ತೇನು? ಎತ್ತರದ ಅಂಗುಲಕ್ಕೆ ಅಂಗುಲ ಬೆಲೆ ಏರುವ ಈ ಸಂತೆಯಲ್ಲಿ ಕುದುರೆಯನ್ನು ದಿಬ್ಬದ ಮೇಲೆ ನಿಲ್ಲಿಸಿ ಅಳೆದರೆ ಅದು ಹೀನಾಧಿಕಮಾನೋನ್ಮಾನ. ಇಲ್ಲದ ವಂಶಾವಳಿಯನ್ನು ಕಾಗದದ ಮೇಲೆ ಬರೆದರೆ ಸತ್ಯಾಣುವ್ರತದ ಕೂಟಲೇಖಕ್ರಿಯೆ. ಕದ್ದು ತಂದುದನ್ನು ತಿಳಿದೂ ಕೊಂಡರೆ ತದಾಹೃತಾದಾನ. ರಾಜ್ಯದ ಗಡಿಯಲ್ಲಿ ತೋರಿಸಬೇಕಾದ ಆರೋಗ್ಯಪತ್ರವನ್ನು ತಪ್ಪಿಸಿ ರಾತ್ರಿ ಲಾರಿ ದಾಟಿಸಿದರೆ ವಿರುದ್ಧರಾಜ್ಯಾತಿಕ್ರಮ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಒಂದು ಸಂತೆಯ ಮೈದಾನದಲ್ಲಿ ಆದ್ಯಂತ ಪಾಠ ಹೇಳಬಹುದು.

ಹೆಸರುಗಳ ಒಂದು ವಿನೋದವನ್ನೂ ಇಲ್ಲಿ ಹೇಳಿಬಿಡುವೆನು. ನಾಲ್ಕು ಕಾಲು ಮತ್ತು ಮುಖದ ಮೇಲೆ ಬಿಳಿಯ ಗುರುತಿರುವ ಕುದುರೆಗೆ ಪಂಚಕಲ್ಯಾಣಿಯೆಂದು ಹೆಸರು. ಗೊರಸುಗಳು, ಎದೆ, ಬಾಲ, ಅಯಾಲು, ಮುಖಗಳು ಬಿಳುಪಾಗಿದ್ದರೆ ಅಷ್ಟಮಂಗಲವೆಂಬ ಹೆಸರು. ಇಂಥ ಗುರುತಿನಿಂದಲೂ, ಕುತ್ತಿಗೆಯ ಸುಳಿ ಎಲ್ಲಿ ಬಿದ್ದಿದೆಯೆಂಬುದರಿಂದಲೂ ಬೆಲೆ ಏರಿಳಿಯುತ್ತದೆ. ಗರ್ಭಾವತರಣದಿಂದ ಮೋಕ್ಷದವರೆಗಿನ ಕಲ್ಯಾಣಗಳನ್ನು ನೆನೆಯಬೇಕಾದ ಶಬ್ದವನ್ನು ಬೆಲೆ ಏರಿಸಲು ಕೂಗುತ್ತಿರುವುದನ್ನು ಕೇಳಿ ನಮ್ಮ ತಂಡದ ಒಬ್ಬ ಹಿರಿಯ ಶ್ರಾವಿಕೆಯು ಕೈಮುಗಿದರು. ಯಾರಿಗೆ ಮುಗಿದರೋ ನಾನು ಕೇಳಲಿಲ್ಲ. ಸುಳಿಯ ಶುಭಾಶುಭವನ್ನು ನಂಬಿ, ಅಶುಭವೆನಿಸಿದ ಪ್ರಾಣಿಗೆ ಮೇವು ಕಡಿಮೆ ಮಾಡುವವರು ಸಮ್ಯಕ್ತ್ವವನ್ನೇ ಕಳೆದುಕೊಳ್ಳುವರೆಂದು ಮಾತ್ರ ತಿಳಿಯಬೇಕು.

ಹಳ್ಳಿಯ ಸಂತೆಗಳಲ್ಲಿ ಬೆಲೆಯನ್ನು ಬಾಯಿಂದ ಹೇಳದೆ ವಲ್ಲಿಯ ಕೆಳಗೆ ಬೆರಳು ಹಿಡಿದು ತಿಳಿಸುವ ರೂಢಿಯುಂಟು. ನಮ್ಮ ದನಗಳ ಜಾತ್ರೆಗಳಲ್ಲಿಯೂ ಕಂಡಿದ್ದೇವೆ. ಇಬ್ಬರ ಬೆರಳುಗಳು ಬಟ್ಟೆಯೊಳಗೆ ಮಾತಾಡಿಕೊಳ್ಳುವಾಗ ಮೂರನೆಯವನೊಬ್ಬನು ಹೊರಗೆ ನಿಂತಿರುತ್ತಾನೆ. ಅವನಿಗೆ ಬೆಲೆಯೂ ತಿಳಿಯದು, ದೋಷವನ್ನು ಮುಚ್ಚಿಟ್ಟುದೂ ತಿಳಿಯದು. ಆದರೆ ಮುಚ್ಚಿಟ್ಟುದರ ಫಲವನ್ನು ಉಣ್ಣುವವನು ಅವನೇ. ಬಟ್ಟೆ, ಬೆಳ್ಳಿ, ಬೆಲ್ಲಗಳ ವ್ಯಾಪಾರದಲ್ಲಿ ಸುಳ್ಳು ಹೇಳಿದರೆ ಕೊಂಡವನು ನಷ್ಟ ಅನುಭವಿಸುವನು, ಹೇಳಿದವನು ಪಾಪ ಕಟ್ಟಿಕೊಳ್ಳುವನು. ಲೆಕ್ಕ ಇಬ್ಬರ ನಡುವೆ ಮುಗಿಯಿತು. ಕುಂಟುವ ಕುದುರೆಯನ್ನು ಗಟ್ಟಿಯೆಂದು ಮಾರಿದರೆ, ಮೋಸ ಹೋದವನು ತನ್ನ ಹಣವನ್ನು ಆ ಕುದುರೆಯ ಬೆನ್ನಿನಿಂದಲೇ ವಸೂಲು ಮಾಡುವನು. ಚಾವಟಿ ಅವನ ಕೈಯಲ್ಲಿರುವುದು, ಆದರೆ ಅದನ್ನು ಹೆಣೆದು ಕೊಟ್ಟವನು ಮಾರಿದವನು. ಸತ್ಯಾಣುವ್ರತದ ಭಂಗವು ಇಲ್ಲಿ ತಿರುಗಿ ಅಹಿಂಸಾಣುವ್ರತದ ಭಂಗವಾಗುತ್ತದೆ. ತಿರ್ಯಗ್ವಾಣಿಜ್ಯವನ್ನು ಬೇರೆಯಾಗಿ ಹೆಸರಿಸಬೇಕಾದುದು ಇದಕ್ಕಾಗಿಯೇ ಎಂದು ನನ್ನ ತಿಳಿವಳಿಕೆ.

ಆದರೆ ಸಂತೆಯಲ್ಲಿರುವವರೆಲ್ಲ ವಂಚಕರೆಂದು ಬರೆದರೆ ನನ್ನ ಸತ್ಯವ್ರತಕ್ಕೇ ಕುಂದು. ಅಲ್ಲಿ ಸೌರಾಷ್ಟ್ರದ ಒಬ್ಬ ಮುದುಕನನ್ನು ಕಂಡೆವು. ಕೊಳ್ಳಲು ಬಂದವರು ಕೇಳುವ ಮೊದಲೇ ಅವನು ತನ್ನ ಕಾಠಿಯಾವಾಡಿ ಹೆಣ್ಣುಕುದುರೆಯ ಎಡಮುಂಗಾಲನ್ನು ಎತ್ತಿ, ಹಳೆಯ ಗಾಯವನ್ನು ತೋರಿಸಿ, ಭಾರದ ಕೆಲಸಕ್ಕೆ ಇದು ಆಗದು, ಮರಿ ಹಾಕಿಸಿಕೊಳ್ಳುವುದಾದರೆ ಕೊಳ್ಳಿರಿ ಎಂದು ಹೇಳಿ ಬೆಲೆಯನ್ನು ತಾನೇ ಇಳಿಸಿದನು. ಅವನು ಜೈನನಲ್ಲ. ಅಣುವ್ರತದ ಹೆಸರನ್ನೂ ಕೇಳಿದವನಲ್ಲ.

ಬಾವನಗಜದಲ್ಲಿ ಮಾತು ಇಲ್ಲಿಗೆ ಬಂದಾಗ ಒಬ್ಬರು ಒಂದು ಕಠಿಣವಾದ ಆಕ್ಷೇಪವನ್ನು ಎತ್ತಿದರು. ಸಮಂತಭದ್ರಸ್ವಾಮಿಗಳು ಸತ್ಯಾಣುವ್ರತವನ್ನು ಹೇಳುವಾಗ, ವಿಪತ್ತಿಗೆ ಕಾರಣವಾಗುವ ಸತ್ಯವನ್ನೂ ನುಡಿಯಬಾರದೆಂದು ತಿಳಿಸಿರುವರಲ್ಲವೆ? ಕುದುರೆಗಳಿಗೆ ಗ್ಲ್ಯಾಂಡರ್ಸ್ ಎಂಬ ಅಂಟುರೋಗ ಬರುತ್ತದೆ. ಅದಕ್ಕೆ ಲಸಿಕೆಯಿಲ್ಲ, ಮನುಷ್ಯರಿಗೂ ಹರಡಿ ಪ್ರಾಣ ತೆಗೆಯಬಲ್ಲದು. 2009ರ ಪಶುರೋಗ ನಿಯಂತ್ರಣ ಕಾಯಿದೆಯ ಮೇರೆಗೆ, ಪರೀಕ್ಷೆಯಲ್ಲಿ ರೋಗವು ದೃಢಪಟ್ಟ ಪ್ರಾಣಿಯನ್ನು ಕೊಲ್ಲಲಾಗುತ್ತದೆ. ಹೀಗಿರುವಾಗ ರೋಗವಿದೆಯೆಂಬ ಸತ್ಯವನ್ನು ನುಡಿದ ಶ್ರಾವಕನು ಆ ಕುದುರೆಯ ಸಾವಿಗೆ ಕಾರಣನಾದಂತೆ ಆಗುವುದಿಲ್ಲವೆ? ಸುಮ್ಮನಿದ್ದರೆ ದಯೆಯಲ್ಲವೆ?

ಪ್ರಶ್ನೆ ಹಗುರಾದುದಲ್ಲ. ಕುದುರೆಯ ಮರಣವನ್ನು ನಾವು ಮನಸಾ ಅನುಮೋದಿಸಲಾರೆವು. ಹಾಗೆ ಆದಾಗ ಪ್ರಾಯಶ್ಚಿತ್ತವನ್ನು ಕೈಗೊಳ್ಳುವುದೇ ಉಚಿತ. ಆದರೆ ಆಚಾರ್ಯರು ವಿಪತ್ತೆಂದು ಹೇಳಿದುದನ್ನು ಪೂರ್ತಿಯಾಗಿ ಎಣಿಸಬೇಕು. ಮುಚ್ಚಿಟ್ಟ ಒಂದು ರೋಗಿಯು ಒಂದೇ ತೊಟ್ಟಿಯಲ್ಲಿ ನೀರು ಕುಡಿಯುವ ಇಪ್ಪತ್ತಕ್ಕೆ ರೋಗ ಹಂಚುವುದು, ಮೈ ಉಜ್ಜುವ ಕೂಲಿಯ ಹುಡುಗನಿಗೂ ಹಂಚುವುದು. ಅಲ್ಲಿ ಮೌನವೇ ವಿಪತ್ತಿಗೆ ಕಾರಣ. ಇಷ್ಟಾಗಿಯೂ ಆ ಮೌನಿಯು ರೋಗಿಯನ್ನು ಸಾಕುವುದಿಲ್ಲ, ಮಾರಿಬಿಡುತ್ತಾನೆ! ದಯೆಯು ಬೆಲೆ ಕೈಸೇರುವವರೆಗೆ ಮಾತ್ರ ಬಾಳುವುದಾದರೆ ಅದಕ್ಕೆ ಲೋಭವೆಂಬ ಹೆಸರು ಸರಿ. ಅನುಮಾನ ಬಂದ ಕುದುರೆಯನ್ನು ಬೇರೆ ಕಟ್ಟಿ, ಪಶುವೈದ್ಯರಿಗೆ ತಿಳಿಸಿ, ರಕ್ತ ಪರೀಕ್ಷೆ ಮಾಡಿಸಬೇಕು. ಅನುಮಾನವೆಲ್ಲ ರೋಗವಾಗಿರುವುದಿಲ್ಲವೆಂಬುದೂ ನೆನಪಿರಲಿ. 1978ರ ಪಶುಸಾಗಣೆಯ ನಿಯಮಗಳ ಪ್ರಕಾರವೂ ಕುದುರೆಗಳ ಜೊತೆಗೆ, ಅವು ಪ್ರಯಾಣಕ್ಕೆ ಯೋಗ್ಯವಾಗಿವೆ, ಸಾಂಕ್ರಾಮಿಕ ರೋಗವಿಲ್ಲ ಎಂಬ ವೈದ್ಯರ ಪತ್ರವಿರಲೇಬೇಕು.

ಇನ್ನು ಈ ಪತ್ರಿಕೆಯ ಓದುಗರಿಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯ: ಅನ್ನಪಾನನಿರೋಧ. ನಾವು ಉಪವಾಸವನ್ನು ಬಲ್ಲವರು. ದಶಲಕ್ಷಣದ ಹತ್ತು ದಿನ ನೀರನ್ನಷ್ಟೇ ಕುಡಿದು ಇರಬಲ್ಲ ತಾಯಂದಿರು ನಮ್ಮ ಮನೆಗಳಲ್ಲಿರುವರು. ಆದುದರಿಂದಲೇ, ಒಂದು ದಿನ ಮೇವಿಲ್ಲದಿದ್ದರೆ ಪಶುವಿಗೆ ಏನಾದೀತು ಎಂಬ ಉದಾಸೀನವು ನಮಗೆ ಇತರರಿಗಿಂತ ಬೇಗ ಬಂದೀತು. ಕುದುರೆಯ ದೇಹಧರ್ಮವೇ ಬೇರೆ. ಅಷ್ಟು ದೊಡ್ಡ ಮೈಗೆ ಅದರ ಜಠರ ಬಹಳ ಚಿಕ್ಕದು. ಎಂಟರಿಂದ ಹದಿನೈದು ಲೀಟರಿನಷ್ಟು ಹಿಡಿಯುತ್ತದೆ. ಬಯಲಿನಲ್ಲಿ ಬಿಟ್ಟರೆ ಅದು ದಿನದ ಹದಿನಾಲ್ಕು ಹದಿನಾರು ಗಂಟೆ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುವುದು. ನಮ್ಮ ಹೊಟ್ಟೆಯಲ್ಲಿ ಊಟದ ವೇಳೆಗೆ ಜಠರರಸ ಹೆಚ್ಚುವಂತೆ ಅಲ್ಲ. ಅದರ ಹೊಟ್ಟೆಯಲ್ಲಿ ಮೇವಿರಲಿ ಇಲ್ಲದಿರಲಿ ಆಮ್ಲವು ಸತತವಾಗಿ ಸುರಿಯುತ್ತದೆ. ಗಂಟೆಗಟ್ಟಲೆ ಬರಿದಾಗಿಟ್ಟರೆ ಹೊಟ್ಟೆಯ ಒಳಗೋಡೆ ಹುಣ್ಣಾಗುತ್ತದೆ. ವಾಂತಿ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಹೊಟ್ಟೆನೋವು ಎದ್ದರೆ ನೆಲಕ್ಕೆ ಬಿದ್ದು ಹೊರಳಿ ಪ್ರಾಣ ಬಿಡುವುದೂ ಉಂಟು. ನಾವು ಅರಿತು, ಸಂಕಲ್ಪಿಸಿ, ನಿಯಮದಿಂದ ಮಾಡಿದ ಅನಶನವು ಬಾಹ್ಯತಪ, ಕರ್ಮನಿರ್ಜರೆಗೆ ಸಾಧನ. ಅದೇ ಹಸಿವನ್ನು ಮತ್ತೊಂದು ಜೀವದ ಮೇಲೆ ಹೇರಿದರೆ ಕರ್ಮಬಂಧ. ಹಸಿವು ಒಂದೇ, ಕಟ್ಟುವುದೂ ಬಿಡಿಸುವುದೂ ಬೇರ್ಪಡುವುದು ಅದು ಯಾರ ಇಚ್ಛೆಯಿಂದ ಬಂತೆಂಬುದರಿಂದ.

ಸಂತೆಗಳ ಒಂದು ಹಳೆಯ ಉಪಾಯವನ್ನು ಇಲ್ಲಿ ಹೇಳಲೇಬೇಕು. ತುಂಟ ಕುದುರೆಯು ಸಾಧುವಾಗಿ ಕಾಣಲೆಂದು ಮಾರುವ ಮುಂಚೆ ಅದಕ್ಕೆ ನೀರು ಕೊಡದೆ ಇಡುವವರಿದ್ದಾರೆ. ಬಾಯಾರಿದ ಕುದುರೆ ತಲೆ ತಗ್ಗಿಸಿ ನಿಲ್ಲುತ್ತದೆ. ಕೊಳ್ಳುವವನು ಅದನ್ನು ಶಾಂತಸ್ವಭಾವವೆನ್ನುತ್ತಾನೆ. ದಿನಕ್ಕೆ ಇಪ್ಪತ್ತೈದರಿಂದ ನಲವತ್ತು ಲೀಟರು ನೀರು ಬೇಕಾದ ಪ್ರಾಣಿ ಅದು. ಸಾರಂಗಖೇಡಾದಿಂದ ನಮ್ಮ ಬೆಳಗಾವಿಗೆ ಏಳುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಲಾರಿಯಲ್ಲಿ ಹಗ್ಗ ಬಿಗಿದು ನಿಲ್ಲಿಸಿದ ಕುದುರೆಗೆ ನಡುದಾರಿಯಲ್ಲಿ ಇಳಿಸಿ ನೀರು ಮೇವು ಕೊಡುವಷ್ಟು ತಾಳ್ಮೆ ಬಾಡಿಗೆ ಚಾಲಕನಿಗೆ ಎಲ್ಲಿಂದ ಬರಬೇಕು?

ಹಿಂದಿನವರು ಇದಕ್ಕಿಂತ ಮೇಲಾಗಿದ್ದರೆಂದೂ ಹೇಳಲಾಗದು. ವಿಜಯನಗರದ ಕಾಲದಲ್ಲಿ ಅರಬ್ ಮತ್ತು ಪಾರಸೀಕ ಕುದುರೆಗಳು ಗೋವೆ, ಭಟ್ಕಳಗಳಲ್ಲಿ ಇಳಿಯುತ್ತಿದ್ದವು. ಆ ಭಟ್ಕಳದ ಸೀಮೆಯನ್ನು ಆಳಿದ ಹಾಡುವಳ್ಳಿಯ ಅರಸರು ನಮ್ಮ ಧರ್ಮದವರೇ. ಸಾಳುವ ನರಸಿಂಹನು ಹುರ್ಮುಜ್, ಏಡನ್‌ಗಳಿಂದ ಬಂದ ಕುದುರೆಗಳನ್ನು ಸಾವಿರ ಪರ್ದಾವಿಗೆ ಮೂರರಂತೆ, ಬದುಕಿರಲಿ ಸತ್ತಿರಲಿ, ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತವುಗಳ ಬಾಲವನ್ನು ತಂದು ತೋರಿಸಿದರೆ ಪೂರ್ತಿ ಬೆಲೆಯನ್ನೇ ಕೊಡುತ್ತಿದ್ದನೆಂದೂ ಪೋರ್ಚುಗೀಸ್ ಕುದುರೆ ವರ್ತಕನಾದ ಫೆರ್ನಾವೊ ನುನಿಜ್‌ನು ಬರೆದಿಟ್ಟಿರುವನು. ಸತ್ತರೂ ನಷ್ಟವಿಲ್ಲವೆಂದ ಮೇಲೆ ಹಡಗಿನಲ್ಲಿ ಅವುಗಳಿಗೆ ಕುಡಿಯುವ ನೀರನ್ನು ಯಾರು ಉಳಿಸಿಟ್ಟಾರು?

ಆ ಬಾಲದ ಹಿಂದಿದ್ದ ಜೀವ ಎಂಥದು? ಸಿದ್ಧಾಂತವು ಅದನ್ನು ಸಂಜ್ಞೀ ಪಂಚೇಂದ್ರಿಯ ತಿರ್ಯಂಚವೆನ್ನುತ್ತದೆ. ದಶಪ್ರಾಣಗಳೂ ಮನಸ್ಸೂ ಉಳ್ಳದ್ದು. ಸ್ವರ್ಗದ ದೇವತೆಗಳು ನಾಲ್ಕನೆಯ ಗುಣಸ್ಥಾನವನ್ನು ಮೀರಲಾರರು. ಈ ತಿರ್ಯಂಚವಾದರೋ ಐದನೆಯದಾದ ದೇಶಸಂಯಮಕ್ಕೆ ಏರಬಲ್ಲುದು. ಮಹಾವೀರಸ್ವಾಮಿಯ ಜೀವವು ಸಿಂಹನಾಗಿದ್ದಾಗ, ಪಾರ್ಶ್ವನಾಥಸ್ವಾಮಿಯ ಜೀವವು ಆನೆಯಾಗಿದ್ದಾಗ ವ್ರತ ಸ್ವೀಕರಿಸಿದ ಕಥೆಗಳು ಮಕ್ಕಳಿಗೂ ಗೊತ್ತು. ಸಮವಸರಣದ ಹನ್ನೆರಡನೆಯ ಕೋಷ್ಠವು ಇವುಗಳದೇ. ಹಲ್ಲು ಎಣಿಸಿ, ಗೊರಸು ತಟ್ಟಿ, ಬೆಲೆ ಕಟ್ಟುತ್ತಿರುವ ಶ್ರಾವಕನ ಮುಂದೆ ನಿಂತಿರುವುದು ತಾನೂ ಶ್ರಾವಕವಾಗಬಲ್ಲ ಒಂದು ಜೀವ.

ಭಾರದ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ಅತಿಭಾರವು ಅಹಿಂಸಾಣುವ್ರತದ ಅತಿಚಾರವೆಂಬುದು ಸರಿಯೇ. ರತ್ನಕರಂಡಕದಲ್ಲಿ ಪರಿಗ್ರಹಪರಿಮಾಣದ ಅತಿಚಾರಗಳನ್ನು ತೆರೆದು ನೋಡಿರಿ, ಅಲ್ಲಿಯೂ ಅತಿವಾಹನ, ಅತಿಭಾರವಹನಗಳೆಂದು ಅದು ಮತ್ತೆ ಬಂದಿದೆ. ಪಶುವನ್ನು ಅದರ ಶಕ್ತಿ ಮೀರಿ ನಡೆಸಿದಾಗ ಪೆಟ್ಟು ಅದರ ಮೈಗೆ, ಆದರೆ ಹುಟ್ಟಿದ್ದು ನಮ್ಮ ಲೋಭದಲ್ಲಿ. ಆದುದರಿಂದ ಒಂದೇ ಹೊರೆಯನ್ನು ಎರಡು ವ್ರತಗಳ ಲೆಕ್ಕದಲ್ಲಿಯೂ ಬರೆಯಬೇಕು. 1965ರ ಸರಕಾರಿ ನಿಯಮಗಳು ಟಟ್ಟುವಿನ ಬೆನ್ನಿಗೆ 70 ಕಿಲೋ, ಕತ್ತೆಗೆ 50 ಕಿಲೋ ಎಂದು ಮಿತಿ ಹಾಕಿವೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿಯಿಲ್ಲದೆ ಐದು ಗಂಟೆ ಮೀರಬಾರದು, ಬಿಸಿಲು 37 ಡಿಗ್ರಿ ದಾಟುವಲ್ಲಿ ಹನ್ನೆರಡರಿಂದ ಮೂರರವರೆಗೆ ದುಡಿಸಲೇಬಾರದು. ಮುಳ್ಳಿನ ಕಡಿವಾಣವೂ ನಿಷಿದ್ಧ. ಕಾಯಿದೆಯ ಮಿತಿಯು ವ್ರತಿಯ ಮಿತಿಗಿಂತ ಬಿಗಿಯಾಗಿದ್ದರೆ ನಾಚಿಕೆ ನಮಗೆ.

ಆ ಯುವಕನಿಗೆ ನಾನು ಒಂದು ಲೆಕ್ಕವನ್ನು ಮಾಡಿಸಿದೆನು. ಹಳೆಯ ಚಾಳಿ ಬಿಡುವುದಿಲ್ಲ. ಚೆನ್ನಾಗಿ ಸಾಕಿದ ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬದುಕುತ್ತದೆ. ದುಡಿಮೆ ಹದಿನೆಂಟು ಇಪ್ಪತ್ತರವರೆಗೆ. 350 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು ಏಳು ಕಿಲೋ ಒಣಮೇವು ಬೇಕು. ವರ್ಷಕ್ಕೆ 2,555 ಕಿಲೋ. ಮುಪ್ಪಿನ ಹತ್ತು ವರ್ಷಗಳಿಗೆ ಇಪ್ಪತ್ತೈದು ಟನ್ನಿಗೂ ಹೆಚ್ಚು. ಹುರುಳಿಯ ಮಾತು ಬೇರೆ. ನಾಲ್ಕು ವರ್ಷದ ಕುದುರೆಯನ್ನು ಕೊಳ್ಳುವವನು ಈ ಇಪ್ಪತ್ತೈದು ಟನ್ನನ್ನೂ ಬೆಲೆಗೆ ಸೇರಿಸಿ ನೋಡಬೇಕು. ಸೇರಿಸದವನು ಏನು ಮಾಡುವನೆಂಬುದು ಗೊತ್ತಿರುವುದೇ. ಮುದಿಯಾದುದನ್ನು ಅಗ್ಗಕ್ಕೆ ಮಾರುವನು, ಕೊಂಡವನು ಇನ್ನೂ ಅಗ್ಗಕ್ಕೆ ಮಾರುವನು, ನಾಲ್ಕು ಕೈ ದಾಟಿ ಅದು ಇಟ್ಟಿಗೆಯ ಗೂಡಿನ ಗಾಡಿಗೆ ಬೀಳುವುದು. ಮೊದಲು ಮಾರಿದವನಿಗೆ ಅದರ ಕೊನೆ ಕಾಣುವುದಿಲ್ಲ. ಕಾಣದಿರಲೆಂದೇ ಮಾರಿದ್ದು.

ಉದ್ಯೋಗೀ ಹಿಂಸೆಯು ಗೃಹಸ್ಥನಿಗೆ ಅನಿವಾರ್ಯವಲ್ಲವೆ ಎಂದು ಅವನ ಬಂಧು ಕೇಳಿದನು. ಹೊಲ ಉಳುವವನಿಗೆ, ಧಾನ್ಯ ಸಾಗಿಸುವವನಿಗೆ ಆ ಮಾತು ಸಲ್ಲುವುದು. 2012ರ ಪಶುಗಣತಿಯಲ್ಲಿ ದೇಶದ ಕುದುರೆ ಟಟ್ಟುಗಳ ಸಂಖ್ಯೆ 6.2 ಲಕ್ಷವಿದ್ದುದು 2019ರ ಗಣತಿಯಲ್ಲಿ 3.4 ಲಕ್ಷಕ್ಕೆ ಇಳಿಯಿತು. ಟಾಂಗಾ ಹೋಯಿತು, ಹೇರು ಹೋಯಿತು. ಉಳಿದುದರಲ್ಲಿ ಬಹುಪಾಲು ಶೋಭೆಗಾಗಿ, ಶರ್ಯತ್ತಿಗಾಗಿ, ಮೆರವಣಿಗೆಗಾಗಿ. ಡೋಲಿನ ಗತಿಗೆ ಕಾಲು ಎತ್ತಿ ಕುಣಿಯಲು ಕುದುರೆ ತಾನಾಗಿ ಕಲಿಯುವುದಿಲ್ಲ. ಹೇಗೆ ಕಲಿಸುವರೆಂದು ವಿಚಾರಿಸಿ ತಿಳಿದುಕೊಂಡ ಮೇಲೆ ಮೆರವಣಿಗೆಯನ್ನು ನೋಡಿರಿ. ಕಿವಿಯ ಬಳಿ ಪಟಾಕಿ, ಕಣ್ಣಿಗೆ ವಿದ್ಯುದ್ದೀಪ, ನಡುರಾತ್ರಿಯವರೆಗೆ ಟಾರು ರಸ್ತೆಯ ಮೇಲೆ ಲಾಳದ ಕಾಲು. ವಿವಾಹದ ದಿಬ್ಬಣದಲ್ಲಿ ಪಶುಗಳ ಆಕ್ರಂದನವನ್ನು ಕೇಳಿ ರಥವನ್ನು ತಿರುಗಿಸಿದ ನೇಮಿನಾಥಸ್ವಾಮಿಯನ್ನು ಪೂಜಿಸುವ ಮನೆಗಳು ವರನನ್ನು ಕೂರಿಸಲು ಇಂಥ ಕುದುರೆಯನ್ನು ಬಾಡಿಗೆಗೆ ತರಿಸುವುದು ನನಗಂತೂ ಅರ್ಥವಾಗದ ಸಂಗತಿ. ಕೊಡುವವನ ವ್ರತವನ್ನು ಕೇಳುವ ಮೊದಲು ತರಿಸುವವರ ವ್ರತವನ್ನು ಕೇಳಬೇಕು. ಕಾರಿತ, ಅನುಮೋದನೆಗಳೂ ಆಸ್ರವದ ಬಾಗಿಲುಗಳೇ.

ಆದುದರಿಂದ ಅವನಿಗೆ ನಾನು ಹೇಳಿದ್ದು ಇಷ್ಟು: ಕೊಂಡು ಮಾರುವುದನ್ನೇ ಕಸುಬಾಗಿಸಿಕೊಂಡರೆ ವ್ರತ ಉಳಿಯದು. ಮೆರವಣಿಗೆಯ ಬಾಡಿಗೆಯೂ ಬೇಡ. ಮನೆಯ ಕೆಲಸಕ್ಕೆ ಬೇಕಾದ ಒಂದು ಪ್ರಾಣಿಯನ್ನು, ಪರಿಗ್ರಹದ ಮಿತಿಯಲ್ಲಿ ಎಣಿಸಿ, ಕೊನೆಯವರೆಗೂ ಮಾರುವುದಿಲ್ಲವೆಂಬ ನಿಯಮದೊಡನೆ ಕೊಂಡರೆ ಅಡ್ಡಿಯಿಲ್ಲ. ಸಾಲ ತೀರಿಸುವ ದಾರಿಯನ್ನು ತಂಡದ ಹಿರಿಯರು ಬೇರೆ ಆಲೋಚಿಸಬೇಕೆಂದೂ ಹೇಳಿದೆನು. ವ್ರತಿಯನ್ನು ಉಪದೇಶದಿಂದ ಮಾತ್ರ ಕಾಪಾಡುವುದು ಸಮಾಜಕ್ಕೆ ಶೋಭೆಯಲ್ಲ. ಅಂದು ಅವನು ಏನನ್ನೂ ಕೊಳ್ಳಲಿಲ್ಲ. ಎರಡು ವರ್ಷಗಳ ಬಳಿಕ, ಮೇಯಿಸಲು ಬಯಲಿಲ್ಲದೆ ಮಾರಲು ಬಂದಿದ್ದ ಒಬ್ಬ ಧನಗರನಿಂದ ಹನ್ನೆರಡು ವರ್ಷದ ಭೀಮಥಡಿ ಹೆಣ್ಣುಕುದುರೆಯೊಂದನ್ನು ಕೊಂಡನು. ಹೊಲದಿಂದ ಮನೆಗೆ ಮೇವಿನ ಹೊರೆ ತರುವುದು ಅದರ ಕೆಲಸ; ಅರ್ಧ ಹೊರೆ ಅದರದೇ ಊಟ. ತಂಗಿಯ ಮದುವೆ ಸಾಲವಿಲ್ಲದೆ ಆಯಿತೆಂದು ಬರೆಯುವ ಆಸೆಯಿದೆ, ಆದರೆ ಆಗಲಿಲ್ಲ. ಆ ಸಾಲವನ್ನು ಅವನು ಇನ್ನೂ ತೀರಿಸುತ್ತಿರುವನು.

ಪಶುವಿರುವ ಮನೆಗಳವರು ಕೇಳುವ ಮತ್ತೊಂದು ಸಂದೇಹಕ್ಕೂ ಇಲ್ಲಿಯೇ ಉತ್ತರಿಸುವೆನು. ಪ್ರೋಷಧದ ದಿನ ಆರಂಭವನ್ನು ತ್ಯಜಿಸಬೇಕು. ಹುಲ್ಲು ಕೊಯ್ಯುವುದು, ನೀರು ಸೇದುವುದು ಆರಂಭವೇ. ಹಾಗಾದರೆ ಲಾಯದ ಗತಿಯೇನು? ತ್ರಯೋದಶಿಯ ಮಧ್ಯಾಹ್ನ ನಿಯಮ ಕೈಗೊಳ್ಳುವ ಮೊದಲೇ ಎರಡು ದಿನದ ಮೇವನ್ನು ಕೊಯ್ದು ಒಟ್ಟಿರಬೇಕು. ಪಶುವಿಗೂ ಗಾಳಿಸಿದ ನೀರನ್ನೇ ತೊಟ್ಟಿಗೆ ತುಂಬಿ, ಜೀವಾಣಿಯನ್ನು ಬಾವಿಗೆ ಮರಳಿ ಬಿಡಬೇಕು. ಮನೆಯಲ್ಲಿ ಉಪವಾಸ ಮಾಡದ ಒಬ್ಬರಿಗೆ, ಮಕ್ಕಳಾದರೂ ಸರಿ, ಮೇವನ್ನು ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪವಾಗಿ ಹಾಕುವ ಕೆಲಸವನ್ನು ಹೆಸರಿಟ್ಟು ಒಪ್ಪಿಸಬೇಕು. ಯಾರೂ ಇಲ್ಲದಿದ್ದರೆ ಉಪವಾಸಿಯೇ ಎದ್ದು ಹೋಗಿ ಹಾಕತಕ್ಕದ್ದು. ಅದರಿಂದ ಪ್ರೋಷಧಕ್ಕೆ ಕುಂದಿಲ್ಲ. ಪೂರ್ಣಿಮೆಯ ದಿನ ಪಾರಣೆಗೆ ಕುಳಿತುಕೊಳ್ಳುವ ಮೊದಲು ಒಮ್ಮೆ ಲಾಯಕ್ಕೆ ಹೋಗಿ ತೊಟ್ಟಿಯಲ್ಲಿ ನೀರು ಎಷ್ಟಿದೆಯೆಂದು ನೋಡಿ ಬರಬೇಕು.